ಎರಡು ಸೆಂಟಿಮೀಟರ್ ಮೆಲ್ಫ್

ತಾಡೆ: ನೂರಾ ಎಪ್ಪತ್ತೊಂದು.

ಗೇಶೆ: ನೂರಾ ಅರವತ್ತೊಂಬತ್ತು.

ತಾಡೆ: ತಾಯೀ, ಅಳತೆ ಕೋಲು ನನ್ನ ಕೈಲಿದೆ.

ಗೇಶೆ: ಚೀಟಿ ನನ್ನ ಕಾರಲ್ಲಿದೆ. ಬಗ್ಗಿ ನೋಡು. ಸ್ಟಿಯರಿಂಗ್ ಪಕ್ಕ ಅಂಟಿಸಿದಾನಲ್ಲ, ‘ಪೆಟ್ಟಿಗೆ ಸಮೇತ 169.’ ಹನ್ನೊಂದು ವರ್ಷದಿಂದ ಇದನ್ನೇ ಹೇಳಿ ಈ ರೈಲು ಹತ್ತಿದೀವಿ.

ತಾಡೆ: ರೈಲಿಗೆ ಹತ್ತೋದು ಚೀಟಿ ಅಲ್ಲ, ಕಾರು.

ಗೇಶೆ: ಇಷ್ಟು ವರ್ಷ ಹತ್ತಿದ ಕಾರು ಈಗ ಬೆಳೆದುಬಿಡ್ತಾ? ಕೂಸೇನಪ್ಪಾ ಅದು?

ನೀಬ್ಯುಲ್ ನಿಲ್ದಾಣದಲ್ಲಿ, ದ್ವೀಪಕ್ಕೆ ಹೋಗುವ ಕಾರು ರೈಲಿನ ಸಾಲಿನಲ್ಲಿ ನಿಂತಿದ್ದೆವು. ಸ್ಟಿಯರಿಂಗ್ ಹಿಡಿದವಳು ಗೇಶೆ, ಪಕ್ಕದಲ್ಲಿ ನಾನು. ಕಾರುಗಳನ್ನು ಅಳೆದು ಹತ್ತಿಸುವ ಕೆಲಸ ತಾಡೆಯದು. ಹಳದಿ ಕೋಟಿನ ಗುಂಡಿಗಳು ಹೊಟ್ಟೆಯ ಮೇಲೆ ಕಷ್ಟಪಟ್ಟು ಕೂಡಿಕೊಂಡಿದ್ದವು. ಎರಡಂತಸ್ತಿನ ಬೋಗಿಯ ಕೆಳ ಅಂತಸ್ತಿಗೆ ಹೋಗುವ ಕಾರು ನೂರ ಎಪ್ಪತ್ತು ಸೆಂಟಿಮೀಟರ್ ಮೀರಬಾರದು. ಅಂದಿನ ಹಾಗೆ ಗಾಳಿ ಜೋರಾದ ದಿನ ನೆತ್ತಿಯ ಮೇಲೆ ಪೆಟ್ಟಿಗೆ ಕಟ್ಟಿದ ಕಾರನ್ನು ಮೇಲಂತಸ್ತಿಗೆ ಬಿಡುವುದಿಲ್ಲ. ಎತ್ತರದ ಗಾಡಿಗಳ ತೆರೆದ ಬೋಗಿಗಳಲ್ಲಿ ಲಾರಿಗಳು ಆಗಲೇ ತುಂಬಿದ್ದವು. ರೈಲು ಹೊರಡಲು ಇಪ್ಪತ್ತು ನಿಮಿಷವಿತ್ತು. ಅದು ತಪ್ಪಿದರೆ ಎರಡು ಗಂಟೆಯ ಹಡಗು ನಮಗೆ ಸಿಕ್ಕುವುದಿಲ್ಲ, ಆ ಹಡಗು ಇನ್ನೊಂದು ಸಲ ಹೊರಡುವಂಥದಲ್ಲ.

ತಾಡೆ: ಇನ್ನೊಂದೇ ದಾರಿ ಇರೋದು. ಶವಪೆಟ್ಟಿಗೆ ಇಳಿಸಿಬಿಡಿ.

ಕಾರಿನ ನೆತ್ತಿಗೆ ಕಟ್ಟುವ ಉದ್ದನೆಯ ಸಾಮಾನು ಪೆಟ್ಟಿಗೆಯನ್ನು ನಮ್ಮ ಜನ ಹಾಗೆಯೇ ಕರೆಯುವುದು. ಆಕಾರ ನೋಡಿ ಯಾರೋ ಮಾಡಿದ ತಮಾಷೆ ಹಳೆಯದಾಗಿ ಹೆಸರೇ ಆಗಿಹೋಗಿದೆ. ಗೇಶೆಯೂ ಆ ಮಾತನ್ನು ಸಾವಿರ ಸಲ ಆಡಿದ್ದವಳೇ. ಆದರೆ ಅವಳು ಅಂದು ಅಡಿಯಿಂದ ಮುಡಿಯವರೆಗೆ ಕಪ್ಪು ತೊಟ್ಟಿದ್ದಳು. ತಾಡೆ ಅದನ್ನು ಗಮನಿಸಲಿಲ್ಲ, ಅವನ ಕಣ್ಣು ಕೋಲಿನ ಮೇಲಿತ್ತು.

ಗೇಶೆ: ಶವಪೆಟ್ಟಿಗೆ ಈಗೆಲ್ಲಿಂದ ತರಲಿ? ಹೋದ ವಾರವೇ ಸುಟ್ಟಾಯ್ತಲ್ಲ.

ತಾಡೆ: ಸುಟ್ರಾ! ಹಾಗಾದ್ರೆ ಇದು ಹೊಸದು ಅನ್ನಿ. ಅದಕ್ಕೇ ಮತ್ತೆ ಲೆಕ್ಕ ತಪ್ಪಿರೋದು. ಹಳೇದು ಸ್ವಲ್ಪ ಚಿಕ್ಕದಾಗಿತ್ತೇನೋ.

ಗೇಶೆ: ಚಿಕ್ಕದೇ? ಅಗಲವಾಗಿರೋದೇ ಬೇಕು ಅಂತ ಕೇಳಿ ತರಿಸಿದ್ದು. ನೂರಾ ಇಪ್ಪತ್ತೆಂಟು ಕಿಲೋ ಆಳು!

ತಾಡೆ: ನೆತ್ತಿ ಮೇಲೆ ನೂರಾ ಇಪ್ಪತ್ತೆಂಟು ಕಿಲೋ ಹೇರಿದ್ರಾ? ಏನ್ ತಾಯೀ, ಎಪ್ಪತ್ತೈದು ದಾಟೋ ಹಾಗಿಲ್ಲ!

ಗೇಶೆ: ನೆತ್ತಿ ಮೇಲೆ ಯಾರಾದ್ರೂ ಕೂರಿಸ್ತಾರಾ? ಹಿಂದಿನ ಸೀಟಲ್ಲೇ ಕೂರ್ತಿದ್ದ.

ತಾಡೆ: ಯಾರು?

ಗೇಶೆ: ನನ್ನ ಗಂಡ!

ತಾಡೆ: ಈಗ ಎಲ್ಲಿ ಅವರು?

ಗೇಶೆ: ನಿನ್ನೇನೇ ದ್ವೀಪಕ್ಕೆ ಹೋದ.

ತಾಡೆ: ಅಯ್ಯೋ, ಮೊದಲೇ ಹೇಳಬಾರದಾ! ಫೋನ್ ಮಾಡಿ ಅವರಿಗೆ. ಈ ಬೋಲ್ಟುಗಳಿಗೆ ಯಾವ ಸ್ಪ್ಯಾನರು ಅಂತ ಕೇಳಿ.

ಗೇಶೆ ಸ್ಟಿಯರಿಂಗ್ ಬಿಟ್ಟಳು. ಆಮೇಲೆ ನನ್ನ ಕಡೆ ತಿರುಗಿದಳು.

ಗೇಶೆ: ನಾಮೆನ್, ನೀನೇ ಹೇಳಪ್ಪಾ. ನನ್ನ ಕೈಲಾಗಲ್ಲ.

ನಾನು: ಮೆಲ್ಫ್ ತೀರಿಕೊಂಡು ಮೂರು ವಾರ ಆಯ್ತು. ನಿನ್ನೆ ಹೋದದ್ದು ಅವನ ಬೂದಿ. ದ್ವೀಪದ ಹ್ಯೋರ್ನುಮ್ ಬಂದರಿಂದ ಎರಡು ಗಂಟೆಗೆ ಹಡಗು, ಸಮುದ್ರಕ್ಕೆ ಬಿಡ್ತಾರೆ. ಈ ಪೆಟ್ಟಿಗೇಲಿರೋದು ಅವನ ಹೂಚಕ್ರ. ಕಾರೊಳಗಿಟ್ಟರೆ ಮುದುಡುತ್ತೆ ಅಂತ ಮೇಲಿಟ್ವಿ. ಸ್ಪ್ಯಾನರು ಎಲ್ಲಿಟ್ಟಿದ್ದನೋ ಅವನಿಗೇ ಗೊತ್ತು.

ತಾಡೆ ಟೋಪಿ ತೆಗೆದ. ಗಾಳಿ ಅವನ ನಾಲ್ಕು ಕೂದಲನ್ನೂ ಎತ್ತಿ ನಿಲ್ಲಿಸಿತು. ಒಂದು ನಿಮಿಷ ಹಾಗೇ ನಿಂತು ಟೋಪಿ ಹಾಕಿಕೊಂಡ.

ತಾಡೆ: ಕ್ಷಮಿಸಿ ತಾಯೀ. ತುಂಬಾ ಬೇಜಾರಾಗ್ತಿದೆ. ಆದ್ರೂ ನೂರಾ ಎಪ್ಪತ್ತೊಂದು.

ಗೇಶೆ: ನೋಡಿದೆಯಾ ನಾಮೆನ್? ಬದುಕಿದ್ದಾಗ ಒಂದು ದಿನ ಹೇಳಿದ ಹೊತ್ತಿಗೆ ಹೋದವನಲ್ಲ. ಸತ್ತ ಮೇಲೆ ಒಂದು ದಿನ ಮುಂಚೆ ಹೋಗಿ ಕೂತಿದಾನೆ. ತಡ ಮಾಡ್ತಿರೋಳು ನಾನು!

ನಾನು: ಕಾರು ಬಿಟ್ಟು ಸಾದಾ ರೈಲಲ್ಲಿ ಹೋದರೆ?

ತಾಡೆ: ಅದು ಈಗ ತಾನೇ ಹೋಯ್ತು.

ಗೇಶೆ: ಟೈರಿನ ಗಾಳಿ ಬಿಡಪ್ಪಾ. ತಗ್ಗುತ್ತಲ್ಲ.

ತಾಡೆ: ಗಾಳಿ ಇಲ್ಲದ ಟೈರಿನ ಗಾಡಿ ಹತ್ತಿಸೋ ಹಾಗಿಲ್ಲ.

ಗೇಶೆ: ಹೋಗಲಿ, ನಿನ್ನ ಕೋಲು ಒಂದು ಸೆಂಟಿಮೀಟರ್ ಕೊಯ್ದುಬಿಡು.

ತಾಡೆ: ಕೋಲು ಕೊಯ್ದರೆ ಅಳತೆ ಇನ್ನೂ ಜಾಸ್ತಿ ತೋರಿಸುತ್ತೆ ತಾಯೀ.

ಅವರಿಬ್ಬರೂ ಜಗಳಾಡುತ್ತಿರುವಾಗ ನಾನು ಚೀಟಿಯನ್ನೇ ನೋಡುತ್ತಿದ್ದೆ. ಒಂಬತ್ತರ ಬಾಲವನ್ನು ಮೆಲ್ಫ್ ಯಾವಾಗಲೂ ಹಾಗೆ ಉದ್ದಕ್ಕೆ ಎಳೆಯುತ್ತಿದ್ದ. ಅದನ್ನು ಬರೆದ ದಿನ ಟೇಪು ಹಿಡಿದವನು ಅವನ ಗೆಳೆಯನಾದ ನಾನೇ. ಅವರ ಮನೆಯ ಅಂಗಳ. ಮೆಲ್ಫ್ ಹಿಂದಿನ ಸೀಟಿನಲ್ಲಿ ಕೂತು ಉಪ್ಪುಮೀನಿನ ಬನ್ನು ತಿನ್ನುತ್ತಿದ್ದ. ಇಳಿಯೋ, ಅಳೀಬೇಕು ಎಂದೆ. ಅವನು ಇಳಿಯಲಿಲ್ಲ. “ನಾನಿಲ್ಲದೆ ಈ ಕಾರು ಎಲ್ಲಿಗೆ ಹೋಗುತ್ತೋ? ಹಾಗೇ ಅಳಿ” ಎಂದ. ಹಾಗೇ ಅಳೆದೆ.

ನಾನು: ಗೇಶೆ, ಚೀಟಿ ಸರಿಯಾಗಿದೆ.

ಗೇಶೆ: ಕೇಳಿಸ್ತೇನಪ್ಪಾ? ಸರಿಯಾಗಿದೆಯಂತೆ!

ನಾನು: ಕೋಲೂ ಸರಿಯಾಗಿದೆ. ಅವತ್ತು ಅಳೆದಿದ್ದು ಮೆಲ್ಫ್‌ನೂ ಸೇರಿಸಿ. ಅವನು ಹಿಂದೆ ಕೂತರೆ ಸ್ಪ್ರಿಂಗು ತಗ್ಗುತ್ತಿತ್ತು. ಈಗ ಅವನಿಲ್ಲ. ಎರಡು ಸೆಂಟಿಮೀಟರ್ ಎದ್ದಿದೆ.

ಹಿಂದಿನ ಕಾರಿನವನು ಹಾರ್ನ್ ಹೊಡೆದ. ತಾಡೆ ಕೋಲು ಎತ್ತಿ ತೋರಿಸಿದ ಮೇಲೆ ಸುಮ್ಮನಾದ.

ಗೇಶೆ: ನಲವತ್ತು ವರ್ಷ ಇಳಿಸು, ಇಳಿಸು ಅಂದೆ. ಬೆಣ್ಣೆ ಡಬ್ಬಿ ಬಚ್ಚಿಟ್ಟೆ. ಆಸ್ಪತ್ರೆಗೆ ಕರ್ಕೊಂಡು ಹೋದೆ. ಒಂದು ಕಿಲೋ ಇಳಿಸಲಿಲ್ಲ ಪುಣ್ಯಾತ್ಮ. ಇಳಿಸಿದ್ದು ನೋಡು, ಒಂದೇ ಸಲಕ್ಕೆ ನೂರಾ ಇಪ್ಪತ್ತೆಂಟು.

ಅವಳು ಕರವಸ್ತ್ರ ಹುಡುಕಿದಳು. ಸಿಕ್ಕಿದ್ದು ಕಾರಿನ ಗಾಜು ಒರೆಸುವ ಬಟ್ಟೆ. ಅದರಲ್ಲೇ ಮೂಗು ಒರೆಸಿಕೊಂಡಳು. ನಂತರ ತಾಡೆಯನ್ನು ಟೋಪಿಯಿಂದ ಬೂಟಿನವರೆಗೆ, ಸಂತೆಯಲ್ಲಿ ಕುಂಬಳಕಾಯಿ ನೋಡುವವರ ಹಾಗೆ ನೋಡಿದಳು.

ಗೇಶೆ: ನಿನ್ನ ತೂಕ ಎಷ್ಟಪ್ಪಾ?

ತಾಡೆ: ಅದೆಲ್ಲ ನನ್ನ ಸ್ವಂತ ವಿಷಯ.

ಗೇಶೆ: ನನ್ನ ಕಾರಿನ ಎತ್ತರ ಊರಿಗೆಲ್ಲ ಕೂಗಿ ಹೇಳ್ತೀಯ, ನಿನ್ನ ತೂಕ ಸ್ವಂತದ್ದಾ?

ತಾಡೆ: ನೂರಾ ಹತ್ತು.

ಗೇಶೆ: ನಿನ್ನ ಬೆಲ್ಟು ಬೇರೇನೇ ಹೇಳ್ತಿದೆ.

ತಾಡೆ: ...ನೂರಾ ಇಪ್ಪತ್ತಾರು. ಅದೂ ಬೂಟು ಸೇರಿ.

ಗೇಶೆ: ಬೂಟು ಬಿಚ್ಚಬೇಡ. ಹತ್ತು.

ತಾಡೆ ಆಚೆ ಈಚೆ ನೋಡಿದ. ನನ್ನನ್ನು ಕೆಳಗಿಳಿಸಿ, ಕೋಲನ್ನು ನನ್ನ ಕೈಗಿಟ್ಟು ಹಿಂದಿನ ಬಾಗಿಲು ತೆಗೆದ. ಹತ್ತುವಾಗ, ಆಗ ತಾನೇ ಮನೆಗೆ ಬಂದವನ ಹಾಗೆ, “ಮೊಯಿನ್” ಎಂದ. ನಮ್ಮಲ್ಲಿ ಬೆಳಿಗ್ಗೆಯಿಂದ ಮಲಗುವವರೆಗೆ ಎಲ್ಲಕ್ಕೂ ಅದೊಂದೇ ನಮಸ್ಕಾರ. ಗೇಶೆಯೂ ಕನ್ನಡಿಯಲ್ಲಿ ನೋಡಿ “ಮೊಯಿನ್” ಎಂದಳು. ಕಾರು ಒಮ್ಮೆ ನರಳಿ ಕೆಳಗೆ ಕೂತಿತು. ಆ ನರಳಿಕೆ ನನಗೆ ಗೊತ್ತಿದ್ದದ್ದೇ.

ತಾಡೆ: ಕೋಲು ನೆಟ್ಟಗೆ ಹಿಡೀರಿ! ಓರೆ ಮಾಡಿ ನನಗೇ ಮೋಸ ಮಾಡಬೇಡಿ!

ನಾನು: ನೂರಾ ಎಪ್ಪತ್ತು. ಒಂದು ಕೂದಲೆಳೆ ಮೇಲೆ.

ಗೇಶೆ: ನಾಮೆನ್, ನಿನ್ನ ಸೀಟಿನ ಮುಂದಿರೋ ಪ್ಲಮ್ ಕೇಕು ತೆಗೆದು ಅವನ ತೊಡೆ ಮೇಲಿಡು. ಡಬ್ಬಿ ಸಮೇತ. ಫ್ಲಾಸ್ಕೂ ಕೊಡು.

ನಾನು: ನೂರಾ ಎಪ್ಪತ್ತು. ಸರಿಯಾಗಿ.

ತಾಡೆ: ಮೀರಬಾರದು ಅಂತ ತಾನೇ ನಿಯಮ? ಮೀರಿಲ್ಲ. ಆಯ್ತು, ಹತ್ತಿಸಿ ತಾಯೀ.

ಹೀಗೆಂದು ಅವನು ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟ. ಕಾರು ಏಳತೊಡಗಿತು.

ಗೇಶೆ: ಎಲ್ಲಿಗೆ? ನೀನಿಳಿದರೆ ನೂರಾ ಎಪ್ಪತ್ತೊಂದು!

ತಾಡೆ: ತಾಯೀ, ನನ್ನ ಪಾಳಿ ಮುಗಿಯೋಕೆ ಇನ್ನೂ ಹತ್ತು ನಿಮಿಷ ಇದೆ. ಆಮೇಲೆ ಮುಂದಿನ ರೈಲಲ್ಲಿ ನಾನೂ ಮನೆಗೆ...

ಗೇಶೆ: ಮನೆ ಎಲ್ಲಿ?

ತಾಡೆ: ದ್ವೀಪದಲ್ಲೇ.

ಗೇಶೆ: ಹಾಗಾದ್ರೆ ಕಾಲು ಒಳಗೆ ತಗೋ. ಅಳೆದ ಹಾಗೇ ಹೋಗಬೇಕು ಅಂತ ನಿಯಮ ಇಲ್ವಾ ನಿಮ್ಮಲ್ಲಿ?

ನಿಯಮವಿತ್ತು. ಬೆಳಗಿನಿಂದ ಮೂವರಿಗೆ ಅದನ್ನು ಓದಿ ಹೇಳಿದವನೂ ಅವನೇ. ತಾಡೆ ಕಾಲು ಒಳಗೆ ತೆಗೆದುಕೊಂಡು ವಾಕಿಟಾಕಿ ಬಾಯಿಗಿಟ್ಟ.

ತಾಡೆ: ಹಲೋ, ನನ್ನ ಜಾಗಕ್ಕೆ ಹತ್ತು ನಿಮಿಷ ಯಾರನ್ನಾದ್ರೂ ಕಳಿಸಿ... ಕಾರಲ್ಲಿದೀನಿ... ಇಲ್ಲ, ಕೆಲಸದ ಮೇಲಲ್ಲ... ಪ್ರಯಾಣಿಕನಾಗೂ ಅಲ್ಲ... ಭಾರವಾಗಿ. ಹೌದು, ಭಾ-ರ-ವಾ-ಗಿ.

ನಾನು ಕೋಲನ್ನು ಕಂಬಕ್ಕೊರಗಿಸಿ ಮತ್ತೆ ಮುಂದೆ ಹತ್ತಿ ಕೂತೆ. ಕೆಳ ಅಂತಸ್ತಿಗೆ ನುಗ್ಗುವಾಗ ಮೂವರೂ ತಲೆ ತಗ್ಗಿಸಿಕೊಂಡೆವು, ಅದರಿಂದೇನೋ ಪ್ರಯೋಜನವಿದೆ ಎಂಬಂತೆ. ಪೆಟ್ಟಿಗೆ ಎಲ್ಲಿಯೂ ತಾಗಲಿಲ್ಲ. ಈ ರೈಲಿನಲ್ಲಿ ಎಲ್ಲರೂ ತಮ್ಮ ತಮ್ಮ ಕಾರಿನಲ್ಲೇ ಕೂತಿರಬೇಕು. ಸಮುದ್ರಕ್ಕೆ ಅಡ್ಡ ಹಾಕಿದ ಏರಿಯ ಮೇಲೆ ರೈಲು ಸಾಗಿತು. ಎರಡೂ ಕಡೆ ನೀರು ಇಳಿದ ಕೆಸರು ಬಯಲು, ಅದರ ಮೇಲೆ ಹಕ್ಕಿಗಳು.

ಗೇಶೆ: ಏನಪ್ಪಾ, ಸ್ವಲ್ಪ ಪಕ್ಕಕ್ಕೆ ಸರಿ. ಕನ್ನಡಿ ತುಂಬ ನೀನೇ ಇದೀಯ. ಹಿಂದೆ ಏನೂ ಕಾಣ್ತಿಲ್ಲ.

ತಾಡೆ: ಹೀಗಾ?

ಗೇಶೆ ಸ್ವಲ್ಪ ಹೊತ್ತು ಕನ್ನಡಿ ನೋಡಿದಳು.

ಗೇಶೆ: ಬೇಡ. ಮೊದಲಿದ್ದ ಹಾಗೇ ಕೂತ್ಕೋ.

ವೆಸ್ಟರ್ಲಾಂಡಿನಲ್ಲಿ ರೈಲು ನಿಂತಾಗ ಹಡಗಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ರೈಲಿನಿಂದ ಕಾರು ಇಳಿಸಿದ ಮೇಲೆ ತಾಡೆ ಕೇಕಿನ ಡಬ್ಬಿಯನ್ನು ಸೀಟಿನ ಮೇಲಿಟ್ಟು ಹೊರಗೆ ಬಂದ. ಕಾರು ಮೆಲ್ಲಗೆ ಎದ್ದಿತು. ಅದು ಪೂರ್ತಿ ಎದ್ದು ನಿಲ್ಲುವ ತನಕ ಗೇಶೆ ಗೇರು ಹಾಕಲಿಲ್ಲ.

ತಾಡೆ: ವಾಪಸ್ ಯಾವಾಗ ತಾಯೀ?

ಗೇಶೆ: ನಾಳೆ, ಹತ್ತೂವರೆ ರೈಲಿಗೆ.

ತಾಡೆ: ಅಷ್ಟರಲ್ಲಿ ಆ ಶವ... ಆ ಪೆಟ್ಟಿಗೆ, ಯಾರ ಕೈಲಾದ್ರೂ ಬಿಚ್ಚಿಸಿಬಿಡಿ.

ಗೇಶೆ: ಬಿಚ್ಚಿಸಲ್ಲ. ನೀನು ಬೆಳಿಗ್ಗೆ ಚೆನ್ನಾಗಿ ತಿಂದು ಬಾ.