ಬೆಣ್ಣೆಯ ಬೆಲ್ಟು

ನಾಯಿಗೆ ಬೆಣ್ಣೆ ಎಂದು ಹೆಸರಿಟ್ಟದ್ದೇ ತಪ್ಪಾಯಿತೇನೋ ಎಂದು ಓಬಳಯ್ಯನಿಗೆ ಆಗಾಗ ಅನ್ನಿಸುತ್ತಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನ ಹಿಂದೆ ಸಿಕ್ಕಾಗ ಅದು ಬೆಣ್ಣೆಯ ಬಣ್ಣದ, ಅಂಗೈಯಲ್ಲಿ ಹಿಡಿಸುವಂಥ ಮರಿ. ಈಗ ಹಗ್ಗ ಕಟ್ಟಿ ಬೀದಿಗಿಳಿಸಿದರೆ ನೇಗಿಲಿಗೆ ಹೂಡಿದ ಹೋರಿಯೇ ಸರಿ. ನೇಗಿಲಿನ ಜಾಗದಲ್ಲಿ ಓಬಳಯ್ಯ ಇರುತ್ತಿದ್ದ.

ಸೋಮವಾರ ಬೆಳಿಗ್ಗೆ ಅದು ಒಂದು ಕೋಳಿಯ ಹಿಂದೆ ನುಗ್ಗಿತು. ಹಗ್ಗ ಕಾಲಿಗೆ ಅಡ್ಡ ಸಿಕ್ಕಿ, ಮನೆ ಓನರ್ ಗಂಗಯ್ಯನವರು ಹಾಲಿನ ಕ್ಯಾನಿನ ಸಮೇತ ಚರಂಡಿಯಲ್ಲಿ ಕೂತರು. ಬಿದ್ದರು ಅನ್ನುವಂತಿಲ್ಲ. ಚರಂಡಿ ಅವರ ಅಳತೆಗೇ ಇದ್ದುದರಿಂದ ಕೂತರು ಅನ್ನುವುದೇ ಸರಿ.

ನಾಲ್ಕು ಜನ ಸೇರಿ ಎಬ್ಬಿಸಿದ ಮೇಲೆ ಅವರು ತಣ್ಣಗೆ ಹೇಳಿದರು: "ಸಾಯಂಕಾಲ ಬತ್ತೀನಿ ಓಬಳಯ್ಯ. ನಾನೇ ಹಿಡ್ಕೊಂಡು ಆಂಜನೇಯನ ಗುಡಿ ಗಂಟ ನಡೆಸ್ತೀನಿ. ಎಳೀತೋ, ನಮ್ಮ ಅಂಬರೀಶನ ಲಗೇಜ್ ಆಟೋಗೆ ಹಾಕಿ ವೈ.ಎನ್. ಹೊಸಕೋಟೆಗೆ ಸಾಗಿಸೋದೇ. ಅಲ್ಲಿ ಕಡ್ಲೆಕಾಯಿ ಹೊಲದಾಗೆ ಹಂದಿ ಓಡ್ಸಕ್ಕೆ ನಾಯಿ ಬೇಕಂತೆ."

"ಯಜಮಾನ್ರೆ, ಅದು ಹಂದಿ ಕಂಡ್ರೆ ನನ್ನ ಹಿಂದೆ ಅವಿತ್ಕೊಳ್ತದೆ."

"ಅಲ್ಲಿ ನೀನಿರಲ್ಲ, ಕಲ್ತ್ಕೊಳ್ತದೆ."

ಓಬಳಯ್ಯ ಕೋರ್ಟಿನ ಎದುರು ಕೂತು ವಕೀಲರ ಕರಿಕೋಟುಗಳಿಗೆ ಗುಂಡಿ, ತೇಪೆ ಹಾಕುವ ಟೈಲರ್. ಮದುವೆಯ ವಯಸ್ಸಿನಲ್ಲಿ ಮನೆ ತುಂಬ ತಂಗಿಯರಿದ್ದರು. ತಂಗಿಯರ ಮದುವೆಗಳು ಮುಗಿದಾಗ ವಯಸ್ಸು ಮುಗಿದಿತ್ತು. ಅವನು ಮುದ್ದೆ ಮುರಿಯುವಾಗ ಎದುರು ಕೂತು ಮುಖ ನೋಡುವ ಜೀವ ಇಡೀ ಲೋಕದಲ್ಲಿ ಬೆಣ್ಣೆ ಒಂದೇ. ಅದೂ ಹೋದರೆ ಗೋಡೆ ನೋಡಿಕೊಂಡು ಉಣ್ಣಬೇಕು.

ಆ ದಿನ ಹೊಲಿಗೆ ಮೆಷಿನ್ನಿನ ಮುಚ್ಚಳ ತೆಗೆಯದೆ, ನಾಯಿಯ ಸಮೇತ ಇನಾಯತುಲ್ಲಾನ ಅಂಗಡಿಗೆ ಹೋದ. ಶಿರಾದಿಂದ ಬಂದು ಇಲ್ಲಿ ನೆಲೆಸಿದ ಇನಾಯತುಲ್ಲಾ ದನದ ಹಗ್ಗ, ಮೂಗುದಾರ, ಗಂಟೆ ಮಾರುತ್ತಿದ್ದ. ಈಚೆಗೆ ದನ ಕಮ್ಮಿಯಾಗಿ ನಾಯಿ ಹೆಚ್ಚಾದ ಮೇಲೆ ನಾಯಿ ಬೆಲ್ಟುಗಳನ್ನೂ ತೂಗುಹಾಕಿದ್ದ.

"ಎಳಿಯೋ ನಾಯಿನಾ? ಫಿಕರ್ ಬ್ಯಾಡ ಓಬಳಯ್ಯಣ್ಣ," ಎಂದು ಅಗಲವಾದ ಕತ್ತುಪಟ್ಟಿ ಕೊಟ್ಟ. ಬೆಣ್ಣೆ ಎಳೆಯಿತು. ಬೀಡಿ ಸೇದುವ ಮುದುಕನಂತೆ ಕೆಮ್ಮುತ್ತಾ ಎಳೆಯಿತು. ಕಣ್ಣು ಕೆಂಪಗಾದರೂ ಬಿಡಲಿಲ್ಲ.

"ಅಂಗಾದ್ರೆ ಈ ಚೈನು ಹಾಕಿ. ಎಳೆದಷ್ಟೂ ಬಿಗೀತದೆ. ಎರಡು ದಿವ್ಸ ಉಸಿರು ಕಟ್ಟಿದ್ರೆ ಬುದ್ಧಿ ತಾನಾಗಿ ಬತ್ತದೆ."

ಓಬಳಯ್ಯ ಚೈನನ್ನು ಮೊದಲು ತನ್ನ ಮುಂಗೈಗೆ ಹಾಕಿಕೊಂಡು ಎಳೆದು ನೋಡಿದ. ಬಿಡಿಸಿಕೊಂಡು, ಗೀರು ಬಿದ್ದ ಕಡೆ ಉಜ್ಜಿಕೊಂಡು, ಚೈನನ್ನು ಗಲ್ಲಾದ ಮೇಲಿಟ್ಟ.

"ಇದು ಬ್ಯಾಡ ಭಾಯ್."

"ಯಾಕಣ್ಣ? ಗ್ಯಾರಂಟಿ ಮಾಲು."

"ಬ್ಯಾಡ."

ಉಳಿದದ್ದು ಬಾಡಿ ಬೆಲ್ಟು. ಎದೆ ಸುತ್ತ, ಹೊಟ್ಟೆ ಸುತ್ತ ಪಟ್ಟಿ. ಹಗ್ಗ ಸಿಕ್ಕಿಸಲು ಬೆನ್ನ ಮೇಲೊಂದು ಬಳೆ. ಇನಾಯತುಲ್ಲಾ ತಾನೇ ಬಗ್ಗಿ ಹಾಕಿದ. ಕತ್ತಿನ ಮೇಲಿದ್ದ ಹಿಡಿತವೆಲ್ಲ ಹೋಗಿ ಬೆಣ್ಣೆಗೆ ಪರಮ ಸುಖವಾಯಿತು. ಒಮ್ಮೆ ಮೈ ಕೊಡವಿ, ನಾಲ್ಕೂ ಕಾಲೂರಿ, ಎದೆ ಕೊಟ್ಟು ಎಳೆಯಿತು.

"ನಮ್ಮ ಅಬ್ಬಾ ಜಟಕಾ ಕುದುರೆಗೆ ಇಂಥದ್ದೇ ಹೊಲೀತಿದ್ರು," ಹಿಂದಿನಿಂದ ಇನಾಯತುಲ್ಲಾನ ದನಿ ಹೆಮ್ಮೆಯಿಂದ ಕೇಳಿತು. "ಎಷ್ಟು ಜನ ಹತ್ತಿದ್ರೂ ಸಲೀಸಾಗಿ ಎಳೀತಿತ್ತು."

ಇಂಥ ಮಾತನ್ನು ಮೊದಲೇ ಹೇಳಬೇಕಿತ್ತು. ಓಬಳಯ್ಯ ಅಷ್ಟರಲ್ಲಿ ಕೋರ್ಟಿನ ಗೇಟು ದಾಟುತ್ತಿದ್ದ. ಕಕ್ಷಿದಾರರು ದಾರಿ ಬಿಟ್ಟು ನಿಂತರು. ವಕೀಲ ಅನಿಲ್ ಕುಮಾರ್ ಮೆಟ್ಟಿಲ ಮೇಲಿಂದಲೇ, "ಓಬಳಯ್ಯ, ನನ್ನ ಕೋಟು ಏನಾಯ್ತು?" ಎಂದು ಕೇಳಿದರು. "ವಾಪಸ್ ಬರೋವಾಗ ಕೊಡ್ತೀನಿ ಸಾ," ಎಂದು ಓಡುತ್ತಲೇ ಹೇಳಿದ. ವಾಪಸ್ ಬರುವುದು ಅವನ ಕೈಲಿದ್ದ ಹಾಗೆ!

ರಸ್ತೆ ಬದಿ ಟಾರ್ಪಾಲಿನ ಮೇಲೆ ಯಾರೋ ಕಡ್ಲೆಕಾಯಿ ಒಣಗಹಾಕಿದ್ದರು. ಬೆಣ್ಣೆ ಅದರ ಮೇಲೆ ಹಾದುಹೋಯಿತು. ಓಬಳಯ್ಯ ಹಾದುಹೋಗಲಾರದೆ ಜಾರಿ ಅಂಗಾತ ಬಿದ್ದ. ಪ್ಯಾಂಟು ಮಂಡಿಯ ಹತ್ತಿರ ಹರಿಯಿತು, ಬೆಲ್ಟಿನ ಬಕಲ್ ಬಿಚ್ಚಿಕೊಂಡು ನಾಯಿಯ ಮೈಯಿಂದ ಕಳಚಿ ಬಂತು. ಓಡಿಹೋಗಬಹುದಾಗಿದ್ದ ಬೆಣ್ಣೆ ತಿರುಗಿ ಬಂದು ಅವನ ಮಂಡಿಯ ರಕ್ತ ನೆಕ್ಕಿತು. ಅವನಿಗೆ ಬೈಯಲೂ ಆಗಲಿಲ್ಲ. ಕಡ್ಲೆಕಾಯಿಯವಳು ಇಬ್ಬರ ಪಾಲಿನದನ್ನೂ ಸೇರಿಸಿ ಬೈದಳು.

ಹೊತ್ತು ಇಳಿಯುವಾಗ ಅವನು ಕುಂಟುತ್ತಾ ಮನೆ ಸೇರಿದ. ಬಾಗಿಲಲ್ಲಿ ಆಗಲೇ ಅಂಬರೀಶನ ಆಟೋ ನಿಂತಿತ್ತು. ಜಗಲಿಯ ಮೇಲೆ ಕೂತು ಬೆಲ್ಟು ಬಿಡಿಸಿ ನೋಡಿದರೆ, ಯಾವುದು ತಲೆ ತೂರಿಸುವ ಕಡೆ, ಯಾವುದು ಹೊಟ್ಟೆಯದು, ಒಂದೂ ತಿಳಿಯಲಿಲ್ಲ. ಪಕ್ಕದ ಮನೆ ರಂಗಕ್ಕ ಬಂದಳು. ಎದುರು ಮನೆ ಬೋರಪ್ಪನೂ ಬಂದ. ಇಬ್ಬರೂ ದನ ಸಾಕಿ ಬಾಳಿದವರು, ಸುಮ್ಮನೆ ನೋಡುತ್ತಾ ನಿಲ್ಲುವ ಜಾತಿಯಲ್ಲ.

"ಬಳೆ ಮುಂದಕ್ಕೆ, ಎದೆ ಮ್ಯಾಲೆ ಬರ್ಬೇಕು ಕಣಪ್ಪ," ಎಂದಳು ರಂಗಕ್ಕ. "ಹಸಕ್ಕೆ ಗಂಟೆ ಎಲ್ಲಿ ಕಟ್ತಾರೆ? ಬೆನ್ನ ಮ್ಯಾಲಾ?"

"ಭಾಯ್ ಬೆನ್ನಿಗೆ ಬರಂಗೆ ಹಾಕಿದ್ರು ಕಣಕ್ಕ."

"ಅದ್ಕೇ ನೀನು ಅಂಗೆ ಬಿದ್ದಿದ್ದು," ಎಂದ ಬೋರಪ್ಪ.

ಇಬ್ಬರೂ ಸೇರಿ ಬೆಲ್ಟನ್ನು ಹಿಂದುಮುಂದು ಮಾಡಿ, ಬಳೆ ಎದೆಗೆ ಬರುವಂತೆ ಬಿಗಿದರು.

ಗಂಗಯ್ಯ ಒಗೆದ ಪಂಚೆಯುಟ್ಟು ಬಂದು ಹಗ್ಗ ಹಿಡಿದರು. ಬೀದಿಯೆಲ್ಲ ಬಾಗಿಲಿಗೆ ಬಂತು. ಅಷ್ಟು ದೂರದಲ್ಲಿ ಕೋಳಿ ಕಂಡದ್ದೇ ಬೆಣ್ಣೆ ನುಗ್ಗಿತು. ಓಬಳಯ್ಯ ಕಣ್ಣು ಮುಚ್ಚಿಕೊಂಡ.

ಆದರೆ ಹಗ್ಗ ಈಗ ಎದೆಯಿಂದ ಜಗ್ಗುತ್ತಿತ್ತು. ಮುಂದಕ್ಕೆ ನುಗ್ಗಿದಷ್ಟೂ ಬೆಣ್ಣೆಯ ಮೈ ಗಿರಕ್ಕನೆ ತಿರುಗಿ, ಕೋಳಿಯ ಬದಲು ಗಂಗಯ್ಯನವರ ಮುಖ ಎದುರಾಯಿತು. ಅದಕ್ಕೆ ಗಾಬರಿಯಾಯಿತು. ಮತ್ತೆ ನುಗ್ಗಿತು, ಮತ್ತೆ ಗಂಗಯ್ಯ. ಯಾವ ಕಡೆ ಹೋದರೂ ಇದೇ ಮುಖ ಎಂದು ತಿಳಿದಾಗ ಬದುಕಿನ ಆಸೆ ಬಿಟ್ಟಂತೆ ಬಾಲ ಇಳಿಸಿ, ಪಕ್ಕದಲ್ಲಿ ಮೆಲ್ಲಗೆ ನಡೆಯಿತು. ಗುಡಿಯ ತನಕ ಹೋಗಿ ಬರುವಾಗ ಹಗ್ಗ ಜೋಲುತ್ತಿತ್ತು.

"ಸರಿ ಹೋಗು," ಎಂದು ಗಂಗಯ್ಯ ಅಂಬರೀಶನಿಗೆ ಹೇಳಿದರು. ಆಟೋ ಖಾಲಿ ಹೊರಟಿತು. ಓಬಳಯ್ಯನ ಕಣ್ಣಲ್ಲಿ ನೀರೇ ಬಂತು. ಹಗ್ಗಕ್ಕೆಂದು ಕೈ ಚಾಚಿದ.

ಗಂಗಯ್ಯ ಕೊಡಲಿಲ್ಲ.

"ಡಾಕ್ಟ್ರು ದಿನಾ ನಡೀರಿ ಅಂದವ್ರೆ. ಮನೇಲಿ ಒಬ್ರೂ ಜೊತೆಗೆ ಬರಲ್ಲ. ನನ್ನ ಸಮಕ್ಕೆ ಹೆಜ್ಜೆ ಹಾಕಿದ್ದು ಇದೊಂದೇ ಕಣಯ್ಯ. ಇನ್ಮೇಲೆ ನಮ್ಮನೇಲಿರ್ಲಿ."

"ಯಜಮಾನ್ರೆ, ಎಳೀದಿದ್ರೆ ಇಟ್ಕೊ ಅಂದಿದ್ರಿ."

"ಎಳೆದ್ರೆ ಕಳಿಸ್ತೀನಿ ಅಂದಿದ್ದೆ. ಇಟ್ಕೊ ಅಂತ ಯಾವಾಗಂದೆ? ಬಾಡಿಗೆಯೋರು ನಾಯಿ ಸಾಕಂಗಿಲ್ಲ, ರೂಲ್ಸು. ಓನರ್ ಸಾಕ್ಬೋದು. ನೀನು ಬಂದು ನೋಡ್ಕೊಂಡು ಹೋಗು, ನಾನೇನು ಬ್ಯಾಡ ಅಂತೀನಾ?"

"ಒಳ್ಳೇದೇ ಆಯ್ತು ಬುಡು ಓಬ್ಳಯ್ಯ," ಎಂದಳು ರಂಗಕ್ಕ. "ಹೊಸಕೋಟೆಗೆ ಹೋಗೋದು ತಪ್ತಲ್ಲ."

ಗಂಗಯ್ಯ ಬೀದಿಯ ಕೊನೆಯ ತಮ್ಮ ಮನೆಯತ್ತ ಹೊರಟರು. ಓಬಳಯ್ಯ ಜಗಲಿಯ ಕಂಬ ಹಿಡಿದು ನಿಂತು, ಒಂದು ಸಲ ಎಳೆಯಪ್ಪ, ನನ್ನ ಕಡೆಗೆ ಒಂದೇ ಸಲ, ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೆಣ್ಣೆಗೆ ಅದು ತಿಳಿಯಿತೋ ಏನೋ. ತಿರುಗಿ ನೋಡಿ, ಇದ್ದಬದ್ದ ಬಲವನ್ನೆಲ್ಲ ಹಾಕಿ ಅವನ ಕಡೆಗೆ ನುಗ್ಗಿತು. ಎದೆಯ ಬಳೆ ಜಗ್ಗಿ, ಗಿರಕ್ಕನೆ ತಿರುಗಿ, ಗಂಗಯ್ಯನವರ ಎದುರು ಬಂದು ನಿಂತಿತು.

"ನೋಡಿದ್ರಾ," ಎಂದರು ಗಂಗಯ್ಯ, ಅದರ ತಲೆ ಸವರುತ್ತಾ. "ಆಗ್ಲೇ ನನ್ನ ಮುಖ ಬುಟ್ಟು ಬೇರೆ ಕಡೆ ನೋಡಲ್ಲ ಅಂತದೆ."

ಬೀದಿಯವರೆಲ್ಲ ಹೌದೆಂದರು. ಓಬಳಯ್ಯನೂ ಹೌದೆಂದ.