ಸುದ್ದಿ ತಂದವನ ಕೆನ್ನೆ

ನಮ್ಮ ಸೋದರಮಾವನಿಂದ ಕೆನ್ನೆಗೆ ಏಟು ತಿನ್ನದವನು ಮಸ್ಕಿಯಲ್ಲಿದ್ದರೆ, ಅವನ ಮನೆಯಲ್ಲಿ ಯಾರಿಗೂ ಚೇಳು ಕಚ್ಚಿಲ್ಲವೆಂದೇ ಅರ್ಥ! ಮಾಮನ ವೈದ್ಯವೇ ಹಾಗೆ. ಕಚ್ಚಿಸಿಕೊಂಡವರು ಮನೆಯಲ್ಲೇ ಮಲಗಿರಬೇಕು. ಸುದ್ದಿ ತಂದವನ ಕೆನ್ನೆಗೆ ಮಾಮ ಮಂತ್ರ ಹೇಳಿ ಬಾರಿಸಬೇಕು. ಅತ್ತ ಮನೆಯಲ್ಲಿ ಮಲಗಿದವರ ನೋವು ಇಳಿಯಬೇಕು. ಏಟು ಜೋರಾದಷ್ಟೂ ಗುಣ ಜಲ್ದಿ ಎಂದು ಊರವರ ನಂಬಿಕೆ. ಹೀಗಾಗಿ ಸುದ್ದಿ ಹೇಳಲು ಹೆಚ್ಚಾಗಿ ಮನೆಯ ಅಳಿಯನನ್ನೇ ಅಟ್ಟುತ್ತಿದ್ದರು.

ಒಮ್ಮೆ ಬಳಗಾನೂರಿನವನೊಬ್ಬ ಓಡೋಡಿ ಬಂದ. ಬಾಯಿ ತೆರೆಯುವ ಮೊದಲೇ ಬಿತ್ತು.

"ನಾ ಮದುವಿಗೆ ಕರಿಯಾಕ ಬಂದೀನ್ರೀ ಯಜಮಾನ್ರ," ಎಂದ ಪಾಪ, ಕೆನ್ನೆ ಹಿಡಿದುಕೊಂಡು.

"ಇರ್ಲಿ ಬಿಡು. ಮುಂದ ಕಚ್ಚೋ ಚೇಳಿಗಾತು."

ನಿಜಾಮರ ಆಳ್ವಿಕೆ ಮುಗಿದು ನಾಲ್ಕೈದು ವರ್ಷವಾಗಿತ್ತು. ನಾನು ಲಿಂಗಸುಗೂರಿನ ದವಾಖಾನೆಯಲ್ಲಿ ಕಂಪೌಂಡರ್. ನಾಲ್ಕು ಔಷಧಿಯ ಹೆಸರು ಕಲಿತ ಸೊಕ್ಕು ಬೇರೆ!

"ಮಾಮಾ, ಚೇಳಿನ ನೋವು ತಾನಾಗೇ ಇಳೀತೈತಿ. ಎಲ್ಲಾ ಮನಸ್ಸಿನ ಆಟ," ಎಂದೆ.

"ಹೌದಲೇ. ಮನಸ್ಸಿನ್ಯಾಗ ಇಳೀಲಾರದ್ದು ಮೈಯಾಗ ಹ್ಯಾಂಗ ಇಳೀತೈತಿ?"

ನಾನು ಚೀಲ ಹೆಗಲಿಗೇರಿಸಿ ಲಿಂಗಸುಗೂರಿನ ದಾರಿ ಹಿಡಿದೆ.

ಒಂದು ಮುಂಜಾನೆ ಮಾಮನೇ ದವಾಖಾನೆಗೆ ಬಂದ. ಅತ್ತೆಗೆ ಮೂರು ದಿನದಿಂದ ಹೊಟ್ಟೆನೋವು, ಮೈ ಕೆಂಡವಾಗಿತ್ತಂತೆ.

"ಪೇಷಂಟ್ ಎಲ್ಲಿ?" ಎಂದರು ಡಾಕ್ಟರು.

"ಆಕಿ ಏಳಂಗಿಲ್ರೀ. ಸುದ್ದಿ ನಾ ತಂದೀನಿ." ಮಾಮ ರುಮಾಲು ತೆಗೆದು ಕೆನ್ನೆ ಒಡ್ಡಿದ. "ಹೊಡೀರಿ ಸಾಹೇಬ್ರ. ಜೋರಾಗೇ ಹೊಡೀರಿ."

ಯಾರೂ ನಗಲಿಲ್ಲ. ಡಾಕ್ಟರು ಚೀಲ ಎತ್ತಿಕೊಂಡರು. ನಾವು ಮಸ್ಕಿ ಮುಟ್ಟುವಷ್ಟರಲ್ಲಿ ಅತ್ತೆ ಹೋಗಿಬಿಟ್ಟಿದ್ದಳು. ಅಂದು ಒಂದು ಏಟು ಹೊಡೆದಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ, ಗೊತ್ತು. ಆದರೂ ಇಂದಿಗೂ ಕೇಳಿಕೊಳ್ಳುತ್ತೇನೆ.

ಮಣ್ಣು ಮಾಡಿದ ಮರುವಾರವೇ ಮಾಮನಿಗೆ ಹೊಟ್ಟೆನೋವು ಶುರುವಾಯಿತು. ಅತ್ತೆ ಹಿಡಿದುಕೊಳ್ಳುತ್ತಿದ್ದ ಜಾಗದಲ್ಲೇ. ಡಾಕ್ಟರು ಒತ್ತಿ ನೋಡಿ, ಒಳಗೆ ಏನೂ ಇಲ್ಲ ಎಂದರು. ಮಾಮ ಮಾತ್ರ ಊಟ ಬಿಟ್ಟು ಕಡ್ಡಿಯಾದ. ತಡೆಯಲಾರದೆ ನಾನೇ ಗುಳಿಗೆ ಒಯ್ದು, ನೀರಿನ ತಂಬಿಗೆ ಹಿಡಿದು ಮುಂದೆ ಕೂತೆ.

"ನುಂಗು ಮಾಮಾ. ನೋವು ಇಳೀತೈತಿ."

ಮಾಮ ನನ್ನ ಕೈಯನ್ನು ಮೆಲ್ಲಗೆ ಸರಿಸಿದ.

"ಬ್ಯಾಡೋ ತಮ್ಮಾ. ಇದು ಆಕೀ ನೋವು. ನನಗ ಇಳಿದ್ರ, ಹೊಳ್ಳಿ ಆಕೀಗೇ ಹೋಗ್ತೈತಿ."