ಕೊರಳಲ್ಲಿ ಸಿಕ್ಕ ಹೆಸರು

— ಇನ್ನೊಮ್ಮೆ ಕೇಳ್ತೇನೆ ಅಮ್ಮಾ. ನಿಮ್ಮ ಗಂಡನ ಹೆಸರು?

ಸುಂದ್ರವ್ವ ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನೆಲ ನೋಡಿದಳು. ಸೀಮೆಎಣ್ಣೆಯ ಸಾಲಿನಲ್ಲಿ ಜಗಳಾಡಿ ಕಟ್ಟಿದ್ದ ಗಂಟಲು ಆಂಟಾಪ್ ಹಿಲ್‌ನ ಈ ಡಾಕ್ಟರ್ ರಮಾನಾಥರ ಔಷಧದಿಂದಲೇ ಬಿಟ್ಟಿತ್ತು. ನಾಳೆ ದಹಿಸರದಲ್ಲಿ ತಂಗಿಯ ಮಗಳ ಮದುವೆ. ಸೋಬಾನೆಗೆ ಇವಳೇ ಮುಂದಾಳು. ಹಾಡಲು ಡಾಕ್ಟರು ಒಪ್ಪಬೇಕಿತ್ತು.

— ಇಲ್ಲಿ ಒಳಗೆ ಎರಡು ಮಡಿಕೆ ಉಂಟು, ಎಂದು ಅವರು ತಮ್ಮ ಗಂಟಲ ಗಂಟು ಮುಟ್ಟಿ ತೋರಿಸಿದರು. ಉಸಿರಾಡುವಾಗ ಬಾಗಿಲಿನ ಹಾಗೆ ತೆರೀತವೆ. ಮಾತಾಡುವಾಗ ಕೂಡ್ತವೆ, ಎದೆಯ ಗಾಳಿ ಅವನ್ನು ನಡುಗಿಸ್ತದೆ. ಆ ನಡುಕವೇ ಸ್ವರ. ಕನ್ನಡಿ ಹಿಡಿದು ನೋಡಿದೆ, ‘ಈ’ ಅಂದಾಗ ಚಂದ ಕೂಡಿದವು. ನಿಮ್ಮ ಹೆಸರು ಬಂತು, ಊರು ಬಂತು. ಇದೊಂದು ಯಾಕೆ ಬರುವುದಿಲ್ಲ?

ಬೆಂಚಿನ ಮೇಲಿದ್ದ ಗಂಡ ಮೀಸೆ ತೀಡುತ್ತಿದ್ದ. ಮದುವೆಯ ದಿನ ಅವಳು ಪ್ರಾಸ ಕಟ್ಟಿ ಹೇಳಿದ ಒಡಪಿನಲ್ಲಿ ಕೇಳಿದ್ದ ತನ್ನ ಹೆಸರನ್ನು ಇನ್ನೊಮ್ಮೆ ಕೇಳುವ ಆಸೆ ಅವನಿಗೆ. ಅದು ಅವಳಿಗೂ ಗೊತ್ತು.

— ನೀವರ ಹೇಳ್ರಿ, ಎಂದು ಪಿಸುಗುಟ್ಟಿದಳು.

— ಪಿಸುಮಾತು ಬೇಡ, ಅದೂ ಮಡಿಕೆಗೆ ತ್ರಾಸವೇ, ಎಂದರು ಡಾಕ್ಟರು.

— ನಾ ಏನ ಹೇಳ್ಲಿ? ಕೊರಳ ನಿಂದು, ಎಂದ ಗಂಡ.

ಡಾಕ್ಟರು ಹಣೆಯ ಕನ್ನಡಿ ಬಿಚ್ಚಿಟ್ಟರು. ನರದ ದೋಷವಿರಬಹುದು, ನಾಳೆ ಹಾಡುವುದು ಬೇಡ, ದೊಡ್ಡ ಆಸ್ಪತ್ರೆಗೆ ಹೋಗಬೇಕು ಎಂದು ಚೀಟಿ ಬರೆಯತೊಡಗಿದರು.

ತಾನಿಲ್ಲದ ಸೋಬಾನೆಯನ್ನು ನಾದಿನಿ ಎತ್ತಿಕೊಳ್ಳುವುದು ಕಣ್ಣಿಗೆ ಕಟ್ಟಿತು. ಸುಂದ್ರವ್ವ ಸೆರಗು ಹೊದ್ದು ಎದ್ದು ನಿಂತಳು.

— ಕೊರಳಾಗ ಜೋಡಿ ಕದ, ಕದದಾಗ ಗಾಳಿ ಪದ, ಪದ ನಿಂತ್ರ ಕೊರಳಿಂದಲ್ಲ ತಪ್ಪ. ಹೆಂಡತಿ ಪೇಚಾಟ ನೋಡಿ ಮೀಸ್ಯಾಗ ನಗತಾರ ಖಂಡಪ್ಪ.

ಔಷಧದ ಬಾಟಲಿಗಳು ಗುಂಯ್ ಎಂದವು. ಖಂಡಪ್ಪ ನಾಚಿ ಟೋಪಿ ಸರಿಮಾಡಿಕೊಂಡ. ಗಂಡನ ಹೆಸರು ಹಿಡಿಯಬಾರದು, ಹಿಡಿದರೆ ಒಡಪಿನಲ್ಲಿ ಮಾತ್ರ ಎಂಬ ರೂಢಿಯನ್ನು ಆಮೇಲೆ ವಿವರಿಸಿದ. ಬಾಂದ್ರಾದಲ್ಲೇ ಹುಟ್ಟಿ ಬೆಳೆದ ಡಾಕ್ಟರು ಹೊಟ್ಟೆ ಹಿಡಿದು ನಕ್ಕರು.

— ಈ ಕಾಲದಲ್ಲೂ ಇದೆಲ್ಲ ಉಂಟಾ ಮಾರಾಯ್ರೆ? ಹೋಗಿ, ಧಾರಾಳ ಹಾಡಿ.

ಅಷ್ಟರಲ್ಲಿ ದವಾಖಾನೆಯ ಹಿಂದಿನ ಮನೆಯಿಂದ ಡಾಕ್ಟರ ಹೆಂಡತಿ ವಿನೋದಿನಿಯವರ ದನಿ ಬಂತು:

— ಹೋಯ್, ಇವರೇ, ಕೇಳ್ತದಾ? ಗಂಜಿ ತಣೀತದೆ.

ಹೊಸಿಲು ದಾಟುತ್ತಿದ್ದ ಸುಂದ್ರವ್ವ ತಿರುಗಿ ನಿಂತಳು.

— ಡಾಕ್ಟರ್ರ, ಅಕ್ಕಾರ ಕೊರಳಾಗೂ ಒಮ್ಮೆ ಕನ್ನಡಿ ಹಿಡದು ನೋಡ್ರಿ. ಅಲ್ಲೂ ಒಂದು ಹೆಸರ ಸಿಕ್ಕೊಂಡೈತಿ.